ಲೋಕಿಕೆರೆಯ ಜಗಲಿಯಲ್ಲಿ ಬೇಟೆನಾಯಿಯ ವಿಚಾರ

ಯುಗಾದಿ ಕಳೆದ ಮೂರನೆಯ ದಿನ ಬಂಧುಗಳ ಮನೆಯಲ್ಲಿ ಮೊಮ್ಮಗನ ಲಿಂಗದೀಕ್ಷೆ ಇದ್ದುದರಿಂದ ನಾವು ಲೋಕಿಕೆರೆಗೆ ಹೋಗಿದ್ದೆವು. ದಾವಣಗೆರೆಯ ಜನರಿಗೆ ಲೋಕಿಕೆರೆ ರಸ್ತೆಯೆಂದರೆ ಈಗ ಮನೆಗಳೂ ಅಂಗಡಿಗಳೂ ಒತ್ತಿಕೊಂಡು ನಿಂತಿರುವ ಪೇಟೆಯೊಳಗಿನ ಒಂದು ರಸ್ತೆ. ಆ ಹೆಸರಿನ ಹಿಂದೆ ಒಂದು ಹಳ್ಳಿಯಿದೆ, ಹಳ್ಳಿಯ ಹೆಸರಿನಲ್ಲಿ ಒಂದು ಕೆರೆಯಿದೆ ಎಂಬುದು ಪೇಟೆಯ ಎಳೆಯರಿಗೆ ಮರೆತೇ ಹೋಗಿರಬಹುದು. ಬೆಳಗಿನ ಬಸ್ಸಿನಲ್ಲಿ ಕಿಟಕಿಯ ಬಳಿ ಕುಳಿತು ಊರು ಮುಗಿಯುವುದನ್ನೇ ಕಾಯುತ್ತಿದ್ದೆವು. ಅದು ಮುಗಿಯಲು ಹಿಂದೆಂದಿಗಿಂತ ಹೆಚ್ಚು ಹೊತ್ತು ಹಿಡಿಯಿತು.

ಊರು ದಾಟಿದ ಮೇಲೆ ನೆಲ ಎರಡು ಬಗೆಯಾಗಿ ಕಾಣುತ್ತದೆ. ಭದ್ರಾ ನಾಲೆಯ ನೀರು ಮುಟ್ಟಿದ ಕಡೆ ಬೇಸಿಗೆಯ ಭತ್ತ, ಅಡಿಕೆಯ ತೋಟ. ಮುಟ್ಟದ ಕಡೆ ಮೆಕ್ಕೆಜೋಳ ಕಿತ್ತು ಬರಿದಾದ ಹೊಲ. ಚೈತ್ರದ ಬಿಸಿಲಿನಲ್ಲಿ ಆ ಬರಿಯ ಹೊಲಗಳು ಬದುವಿನಿಂದ ಬದುವಿಗೆ ತೆರೆದುಕೊಂಡಿದ್ದವು. ಮೊಲವೊಂದು ಎದ್ದು ಓಡಿದರೆ ಅರ್ಧ ಮೈಲಿಯವರೆಗೆ ಕಣ್ಣಿಗೆ ಕಾಣುತ್ತಿರಬೇಕು, ಅಂತಹ ಬಯಲು. ಹೀಗೆ ನಮಗೆ ತೋಚಿದುದು ಆಗಲ್ಲ, ಆ ದಿನ ಸಂಜೆ ಹಿಂದಿರುಗುವಾಗ. ಬೆಳಿಗ್ಗೆ ನಮ್ಮ ಮನಸ್ಸು ಅಲ್ಲಿರಲಿಲ್ಲ.

ಬಂಧುಗಳ ಮನೆಯ ಜಗಲಿಯ ಕಂಬಕ್ಕೆ ಒಂದು ನಾಯಿಯನ್ನು ಕಟ್ಟಿದ್ದರು. ಉದ್ದ ಮೂತಿ, ಒಳಕ್ಕೆ ಸೇರಿದ ಹೊಟ್ಟೆ, ಎಣಿಸಬಹುದಾದ ಪಕ್ಕೆಲುಬು. ಅನ್ನ ಹಾಕುವುದಿಲ್ಲವೇ ಎಂದು ತಿಳಿಯದವರು ಕೇಳಿಯಾರು. ಅದು ಮುಧೋಳದ ತಳಿ; ಅದರ ಮೈಕಟ್ಟೇ ಹಾಗೆ. ಮೂಸಿ ಹುಡುಕುವ ನಾಯಿಯಲ್ಲ, ಕಣ್ಣಿಂದ ಕಂಡು ಓಡಿ ಹಿಡಿಯುವ ನಾಯಿ. ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆಯವರು ಈ ತಳಿಯನ್ನು ಆದರದಿಂದ ಬೆಳೆಸಿ ಇಂಗ್ಲೆಂಡಿನ ಐದನೆಯ ಜಾರ್ಜ್ ದೊರೆಗೂ ಕಾಣಿಕೆಯಾಗಿ ಕೊಟ್ಟಿದ್ದರು. 2005ರಲ್ಲಿ ಭಾರತದ ಅಂಚೆ ಇಲಾಖೆ ಈ ನಾಯಿಯ ಚಿತ್ರವಿರುವ ಅಂಚೆಚೀಟಿಯನ್ನು ಹೊರತಂದಿತು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದವರು ಇದಕ್ಕಾಗಿಯೇ ಒಂದು ಕೇಂದ್ರವನ್ನು ನಡೆಸುತ್ತಿದ್ದಾರೆ. 2016ರಲ್ಲಿ ಅಲ್ಲಿಯ ಮರಿಗಳನ್ನು ಮೀರತ್ತಿನ ಸೇನಾ ಕೇಂದ್ರದವರು ತರಬೇತಿಗೆ ಕರೆದೊಯ್ದರು. ಇಷ್ಟೆಲ್ಲ ಕೀರ್ತಿಯುಳ್ಳ ಕುಲದ ಆ ಪ್ರಾಣಿ ನಮ್ಮನ್ನು ನೋಡಿ ಬೊಗಳಲೂ ಇಲ್ಲ, ಬಾಲವನ್ನೂ ಅಲ್ಲಾಡಿಸಲಿಲ್ಲ. ನಮ್ಮ ತಲೆಯ ಮೇಲಿಂದ ದೂರದ ಹೊಲವನ್ನೇ ನೋಡುತ್ತಿತ್ತು.

ಮನೆಯೊಳಗೆ ಏನೋ ಬಿಗಿ ಇದ್ದುದು ಹೋದ ಕೂಡಲೇ ತಿಳಿಯಿತು. ಹಬ್ಬದ ಮನೆಯಲ್ಲಿ, ಅದರಲ್ಲಿಯೂ ದೀಕ್ಷೆಯ ಮನೆಯಲ್ಲಿ ಇರಬೇಕಾದ ಗದ್ದಲವಿರಲಿಲ್ಲ. ಯಜಮಾನರು ನಮಗೆ ವರಸೆಯಲ್ಲಿ ಮಾವ. ಅವರು ನಮ್ಮನ್ನು ಪಕ್ಕಕ್ಕೆ ಕರೆದು ಹೇಳಿದ ವಿಷಯ ಇಷ್ಟು. ಯುಗಾದಿಯ ಮರುದಿನ, ಕರಿಯ ದಿನ, ಊರಿನ ಹುಡುಗರು ಗುಂಪುಕಟ್ಟಿಕೊಂಡು ಹೊಲದ ಕಡೆ ಹೋಗಿದ್ದಾರೆ. ಕಾಲೇಜಿನಲ್ಲಿ ಓದುವ ಹಿರಿಯ ಮೊಮ್ಮಗ ಮನೆಯ ನಾಯಿಯನ್ನು ಬಿಚ್ಚಿಕೊಂಡು ಹೋಗಿದ್ದಾನೆ. ಅವನ ಹಿಂದೆ, ಮೂರನೆಯ ದಿನ ದೀಕ್ಷೆ ಪಡೆಯಬೇಕಾಗಿದ್ದ ಹನ್ನೊಂದು ವರ್ಷದ ಕಿರಿಯವನೂ ಹೋಗಿದ್ದಾನೆ. ನಾಯಿ ಒಂದು ಮೊಲವನ್ನು ಹಿಡಿದಿದೆ. ಸತ್ತ ಮೇಲೆ ನೋಡಿದರೆ ಅದು ಗಬ್ಬದ ಮೊಲ.

ಈ ಸೀಮೆಯ ಓದುಗರಿಗೆ ಯುಗಾದಿಯ ಬೇಟೆಯನ್ನು ವಿವರಿಸಬೇಕಾಗಿಲ್ಲ. ದೂರದವರಿಗಾಗಿ ಒಂದೆರಡು ಮಾತು. ಬೇವುಬೆಲ್ಲ, ಚಂದ್ರದರ್ಶನ, ಹೊಸ ವರ್ಷದ ಮೊದಲ ಉಳುಮೆಯಾದ ಹೊನ್ನಾರು ಇವುಗಳೊಡನೆ ಹಬ್ಬದ ಮರುದಿನ ಬೇಟೆಗೆ ಹೊರಡುವ ಪದ್ಧತಿ ಕರ್ನಾಟಕದ ಬಯಲುಸೀಮೆಯ ಅನೇಕ ಊರುಗಳಲ್ಲಿ ಇದ್ದಿತು. ಸುಗ್ಗಿ ಮುಗಿದು ಹೊಲ ಬರಿದಾಗಿರುತ್ತದೆ, ಆಳುಕಾಳಿಗೆ ಕೆಲಸವಿರುವುದಿಲ್ಲ, ಹೊಸ ವರ್ಷದ ಫಲಾಫಲವನ್ನು ಬೇಟೆ ಸಿಕ್ಕುವುದರ ಮೇಲೆ ಲೆಕ್ಕ ಹಾಕುವವರೂ ಉಂಟು. ಕಾನೂನು ಬಿಗಿಯಾದ ಮೇಲೂ ಅದು ಅಲ್ಲಲ್ಲಿ ಉಳಿದಿದೆ. 2025ರ ಯುಗಾದಿಯ ಹೊತ್ತಿನಲ್ಲಿ ರಾಯಚೂರು ಜಿಲ್ಲೆಯಲ್ಲಿ ಕೊಂದ ಮೊಲಗಳನ್ನು ಮೆರವಣಿಗೆ ಮಾಡಿದ ಸುದ್ದಿಯನ್ನು ಪತ್ರಿಕೆಗಳಲ್ಲಿ ಎಲ್ಲರೂ ಓದಿದ್ದೇವೆ.

ನಮ್ಮ ಮನೆತನಗಳು ಮಾಂಸವನ್ನು ಮುಟ್ಟುವವಲ್ಲ. ಆದುದರಿಂದ ಬೇಟೆಯ ಮಾತು ಬಂದಾಗ ನಾವು ಸಲೀಸಾಗಿ ಒಂದು ಉತ್ತರವನ್ನು ಹೇಳುತ್ತೇವೆ: ತಿನ್ನುವವರು ಬೇರೆ, ನಮ್ಮ ಹುಡುಗರು ಓಟ ನೋಡಲು ಹೋಗುತ್ತಾರೆ ಅಷ್ಟೇ. ಹಿರಿಯ ಮೊಮ್ಮಗನೂ ಆ ಉತ್ತರವನ್ನೇ ಕೊಟ್ಟಿದ್ದ. ಮೊಲವನ್ನು ಮನೆಗೆ ತರಲಿಲ್ಲ, ಬೇರೆ ಹುಡುಗರಿಗೆ ಕೊಟ್ಟುಬಿಟ್ಟೆ ಎಂದು ಅದನ್ನೊಂದು ಪುಣ್ಯದಂತೆ ಹೇಳಿಕೊಂಡಿದ್ದ.

ದೀಕ್ಷೆಗೆ ಮುಹೂರ್ತ ಇನ್ನೂ ಇದ್ದುದರಿಂದ ಜಗಲಿಯಲ್ಲಿ ಹಿರಿಯರು ಸೇರಿದ್ದರು. ಅಲ್ಲಿ ನಡೆದ ವಾದವೇ ನಮ್ಮ ಈ ಬರಹಕ್ಕೆ ಕಾರಣ.

ಪಕ್ಕದ ಮನೆಯ ಎಂಬತ್ತು ದಾಟಿದ ಅಜ್ಜ ಒಂದು ಕಾಲಕ್ಕೆ ಬಂದೂಕಿನ ಲೈಸೆನ್ಸು ಇದ್ದವರು. ಅವರ ಮಾತು ಖಂಡಿತವಾಗಿತ್ತು. “ನಾಯಿ ಬಿಡೋದು ಬ್ಯಾಟೆನೇ ಅಲ್ಲ. ಓಡೋದು ನಾಯಿ, ಹಿಡಿಯೋದು ನಾಯಿ. ನಿಂದೇನು ಕೆಲಸ ಅಲ್ಲಿ, ಕೇಕೆ ಹಾಕೋದಾ? ಈಡು ಹೊಡೆದರೆ ಒಂದೇ ಏಟಿಗೆ ಮುಗೀತಿತ್ತು. ನರಳಾಟ ಇರ್ತಿರಲಿಲ್ಲ.”

ಯಜಮಾನರ ತಮ್ಮ ನಾಯಿಯ ಪಕ್ಷ. ಅವರು ಸುಮ್ಮನಿರಲಿಲ್ಲ. “ಬಂದೂಕಿನ ಮುಂದೆ ಮೊಲಕ್ಕೆ ಏನು ದಾರಿ ಐತಿ ಹೇಳು ಅಣ್ಣಾ. ರಾತ್ರಿ ಲೈಟು ಬಿಟ್ಟು ಕಣ್ಣು ಕೋರೈಸಿ ಹೊಡೆಯೋದು ಬ್ಯಾಟೆಯೇನು? ಉರುಳು ಇಕ್ಕಿ ಮಲಗೋದು ಬ್ಯಾಟೆಯೇನು? ನಾಯಿ ಬಿಟ್ಟರೆ ಮೊಲಕ್ಕೂ ಕಾಲು ಐತಿ. ಹತ್ತು ಸಲ ಬಿಟ್ಟರೆ ಏಳೆಂಟು ಸಲ ತಪ್ಪಿಸಿಕೊಂಡೇ ಹೋಗ್ತತಿ.”

ಇದು ಸುಳ್ಳಲ್ಲ. ನಮ್ಮ ಮೊಲ ಬಿಲ ತೋಡುವ ಪ್ರಾಣಿಯಲ್ಲ. ಹುಲ್ಲಿನಲ್ಲೋ ಪೊದೆಯ ಬುಡದಲ್ಲೋ ಮೈ ಒತ್ತಿ ಮಾಡಿಕೊಂಡ ತಗ್ಗಿನಲ್ಲಿ ಅಡಗಿರುತ್ತದೆ. ಹೊಕ್ಕು ಬಚ್ಚಿಟ್ಟುಕೊಳ್ಳಲು ಮನೆಯಿಲ್ಲದ ಜೀವಕ್ಕೆ ಓಟವೊಂದೇ ಗತಿ. ನಾಯಿ ನೇರ ಓಟದಲ್ಲಿ ಅದಕ್ಕಿಂತ ಬಿರುಸು. ಆದರೆ ಮೊಲ ಓಡುತ್ತ ಓಡುತ್ತ ಸರಕ್ಕನೆ ಪಕ್ಕಕ್ಕೆ ಹೊರಳುತ್ತದೆ. ವೇಗದಲ್ಲಿ ಬಂದ ನಾಯಿ ಹತ್ತಾರು ಹೆಜ್ಜೆ ಮುಂದಕ್ಕೆ ಹೋಗಿ, ತಿರುಗಿ, ಮತ್ತೆ ಹಿಂಬಾಲಿಸಬೇಕು. ಅಷ್ಟರಲ್ಲಿ ಮೊಲ ಪೊದೆಯನ್ನು ಸೇರಿಬಿಟ್ಟರೆ ಬದುಕಿತು. ಎರಡನೆಯ ಶತಮಾನದ ಅರ್ರಿಯನ್ ಎಂಬ ಗ್ರೀಕ್ ಗ್ರಂಥಕಾರ, ಅಲೆಕ್ಸಾಂಡರನ ದಂಡಯಾತ್ರೆಯ ಚರಿತ್ರೆಯನ್ನು ಬರೆದವನು, ನಾಯಿಬೇಟೆಯ ಮೇಲೂ ಒಂದು ಪುಸ್ತಕ ಬರೆದಿದ್ದಾನೆ. ನಿಜವಾದ ಬೇಟೆಗಾರ ನಾಯಿಯನ್ನು ಕರೆದೊಯ್ಯುವುದು ಮೊಲವನ್ನು ಕೊಲ್ಲಿಸಲಿಕ್ಕಲ್ಲ, ಎರಡರ ಓಟದ ಪಂದ್ಯವನ್ನು ನೋಡಲಿಕ್ಕೆ. ಮೊಲ ಪಾರಾದರೆ ಅವನು ಸಂತೋಷಪಡಬೇಕು ಎಂಬುದು ಅವನ ಅಭಿಪ್ರಾಯ. ಯಜಮಾನರ ತಮ್ಮ ಅರ್ರಿಯನ್ನನ ಹೆಸರನ್ನು ಕೇಳಿದವರಲ್ಲ. ವಾದ ಮಾತ್ರ ಅದೇ.

ಆದರೆ ಆ ವಾದ ಹುಟ್ಟಿದ್ದು ಪೊದೆಗಳಿದ್ದ ಕಾಲದಲ್ಲಿ. ಈ ಮಾತನ್ನು ಎತ್ತಿದವರು ಜಗಲಿಯ ಮೂಲೆಯಲ್ಲಿ ಕುಳಿತಿದ್ದ ನಿವೃತ್ತ ಮೇಷ್ಟ್ರು. ಅವರು ಹುಡುಗರಾಗಿದ್ದಾಗ ಗೋಮಾಳವಿತ್ತು, ಕಾರೆ ಜಾಲಿಯ ಪೊದೆಗಳಿದ್ದವು, ಬದುಗಳು ಎತ್ತಿನ ಗಾಡಿ ಹೋಗುವಷ್ಟು ಅಗಲವಾಗಿದ್ದವು. ಈಗ ಬದುವೆಂದರೆ ಒಂದು ಗೆರೆ. ಟ್ರಾಕ್ಟರು ಅದನ್ನೂ ಸವರಿಕೊಂಡು ಹೋಗುತ್ತದೆ. “ಸೇರಿಕೊಳ್ಳೋಕೆ ಜಾಗನೇ ಇಲ್ಲದ ಕಡೆ ಮೊಲಕ್ಕೂ ಕಾಲು ಐತಿ ಅಂದರೆ ಏನು ಬಂತು?” ಎಂದು ಅವರು ಕೇಳಿದಾಗ ಎರಡು ಪಕ್ಷದವರೂ ಸ್ವಲ್ಪ ಹೊತ್ತು ಸುಮ್ಮನಾದರು.

ಒಳಗಿನಿಂದ ತಟ್ಟೆಯಲ್ಲಿ ವಿಭೂತಿ, ಹೂವುಗಳನ್ನು ತಂದಿಡುತ್ತಿದ್ದ ಮನೆಯ ಅಮ್ಮನವರು ನಿಂತು ಹೇಳಿದರು: “ಬಂದೂಕು ಸರಿ ಅಂತ ಒಬ್ಬರು, ನಾಯಿ ಸರಿ ಅಂತ ಒಬ್ಬರು. ನ್ಯಾಯ ಹೇಳೋರು ಎಲ್ಲ ಅಟ್ಟಿಸಿಕೊಂಡು ಹೋಗೋರೇ.” ಹೇಳಿ ಒಳಗೆ ಹೋಗಿಬಿಟ್ಟರು. ಉತ್ತರಕ್ಕೆ ಕಾಯಲಿಲ್ಲ.

ಬೇಟೆನಾಯಿಯ ಬಗೆಗೆ ಕನ್ನಡ ನಾಡಿನ ಹಳೆಯ ಮನಸ್ಸು ಹೇಗಿದ್ದಿತೆಂಬುದಕ್ಕೆ ಕಲ್ಲಿನ ಸಾಕ್ಷಿಯೇ ಇದೆ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋದವರು ಆತಕೂರಿನ ಶಾಸನವನ್ನು ನೋಡಿರಬಹುದು. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಇದ್ದ ಕಲ್ಲು ಅದು; ಕಾಲ 949–50. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪಕ್ಷವಹಿಸಿ ಹೋರಾಡಿದ ಗಂಗರ ಇಮ್ಮಡಿ ಬೂತುಗನ ಬಳಿ ಮಣಲೇರನೆಂಬ ವೀರನಿದ್ದ. ಅವನ ಪರಾಕ್ರಮಕ್ಕೆ ಮೆಚ್ಚಿ ಏನು ಬೇಕೋ ಕೇಳು ಎಂದಾಗ ಅವನು ಕೇಳಿದ್ದು ಊರನ್ನಲ್ಲ, ಚಿನ್ನವನ್ನಲ್ಲ. ಕಾಳಿ ಎಂಬ ನಾಯಿಯನ್ನು. ಆ ಕಾಳಿಯನ್ನು ಬೇಳತೂರಿನ ಬೆಟ್ಟದ ಬಳಿ ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಹಂದಿಯೂ ನಾಯಿಯೂ ಹೋರಾಡಿ ಒಟ್ಟಿಗೆ ಸತ್ತವು. ಆತಕೂರಿನ ಚಲ್ಲೇಶ್ವರ ದೇವಾಲಯದ ಎದುರು ನಾಯಿಗಾಗಿ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಕೆರೆಯ ಕೆಳಗೆ ಭೂಮಿಯನ್ನು ಬಿಟ್ಟರು. ಆ ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ನಾಯಿಗೆ ಮಾಡಿದ ಪಾಪ ತಟ್ಟುವುದೆಂದು ಬರೆಸಿದರು. ಕಲ್ಲಿನ ಮೇಲೆ ನಾಯಿ, ಹಂದಿಗಳು ಕಾದುತ್ತಿರುವ ಚಿತ್ರವಿದೆ.

ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಒಂದು ನಾಯಿಯ ಋಣವನ್ನು ಇಷ್ಟು ಗಂಭೀರವಾಗಿ ಎಣಿಸಿದ ಜನ ನಮ್ಮವರು ಎಂಬುದು ಹೆಮ್ಮೆಯ ವಿಷಯವೇ. ಆದರೆ ಈ ಕಥೆಯಲ್ಲಿ ಗಮನಿಸಬೇಕಾದುದು ಇನ್ನೊಂದಿದೆ. ಅಲ್ಲಿ ನಾಯಿಯ ಎದುರಿಗೆ ಇದ್ದುದು ಹಂದಿ. ತಿರುಗಿ ನಿಂತು ಸೀಳಬಲ್ಲ ಪ್ರಾಣಿ. ಮೊಲದ ಮೇಲೆ ನಾಯಿ ಬಿಟ್ಟ ಯಾರಿಗೂ ಯಾರೂ ಕಲ್ಲು ನಿಲ್ಲಿಸಿದ ಹಾಗೆ ಕಾಣೆವು.

ಇದಾದ ಮೇಲೆ ಹನ್ನೆರಡನೆಯ ಶತಮಾನಕ್ಕೆ ಬಂದರೆ, ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ ಸುಮಾರು 1130ರಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ನಾಯಿಬೇಟೆಗೆ ಒಂದು ಪ್ರತ್ಯೇಕ ಪ್ರಕರಣವೇ ಇದೆ. ಅದರ ಹೆಸರು ಸಾರಮೇಯವಿನೋದ. ಸಾರಮೇಯ ಎಂದರೆ ನಾಯಿ. ವಿನೋದ ಎಂಬ ಪದವನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಅರಸನಿಗೆ ಬೇಟೆ ಹೊಟ್ಟೆಪಾಡಲ್ಲ, ಸಂಗೀತದಂತೆ, ಮಲ್ಲಯುದ್ಧದಂತೆ ಹೊತ್ತು ಕಳೆಯುವ ಒಂದು ಬಗೆ. ಅದೇ ಕಲ್ಯಾಣದಲ್ಲಿ ಕೆಲವೇ ದಶಕಗಳ ಅನಂತರ ಶರಣರು ದಯೆಯನ್ನು ಧರ್ಮದ ಮೂಲದಲ್ಲಿಟ್ಟು ಮಾತನಾಡಿದರು. ಬೇಟೆಗಾರರು ತಂದ ಮೊಲದ ಪ್ರಸ್ತಾಪ ಬಸವಣ್ಣನವರ ಒಂದು ವಚನದಲ್ಲಿಯೂ ಬರುತ್ತದೆ.

ಹಾಗೆಂದು ನಮ್ಮ ಪರಂಪರೆ ಬೇಟೆಗಾರನನ್ನು ಹೊರಗಿಟ್ಟಿಲ್ಲ. ಕಾಳಹಸ್ತಿಯ ಬೇಡರ ಕಣ್ಣಪ್ಪನ ಕಥೆ ನಮ್ಮ ಮಕ್ಕಳಿಗೆಲ್ಲ ಗೊತ್ತು. 1954ರ ಚಲನಚಿತ್ರದಿಂದ ಗೊತ್ತಾದವರೇ ಹೆಚ್ಚಿರಬಹುದು. ಅವನು ಬೇಟೆಯಾಡಿ ತಂದ ಮಾಂಸವನ್ನೇ ಶಿವನಿಗೆ ಅರ್ಪಿಸಿದ, ತನ್ನ ಕಣ್ಣನ್ನೂ ಅರ್ಪಿಸಿದ. ಆ ಬೇಟೆ ಅವನ ಕಸುಬು, ಅವನ ಅನ್ನ. ಅದರಲ್ಲಿ ಶ್ರೇಷ್ಠವಾದುದನ್ನು ತಾನುಣ್ಣದೆ ದೇವರಿಗೆ ಇಟ್ಟ. ಕಣ್ಣಪ್ಪನ ಕಥೆಯನ್ನು ಕೇಳಿ ಕಣ್ಣೀರಿಡುವ ನಾವು, ತಿನ್ನದ ಮೊಲವನ್ನು ಸುಮ್ಮನೆ ಅಟ್ಟಿಸಿ ಕೊಲ್ಲಿಸಿ, ತಿನ್ನಲಿಲ್ಲವಲ್ಲ ಎಂದು ಹಗುರಾಗುತ್ತೇವೆ. ಹಸಿದು ಬೇಟೆಯಾಡುವವನಿಗಿಂತ ನಾವು ಯಾವ ಲೆಕ್ಕದಲ್ಲಿ ಮೇಲು? ಜಗಲಿಯಲ್ಲಿ ನಾವು ಈ ಮಾತನ್ನು ಬಾಯಿಬಿಟ್ಟು ಹೇಳಿದೆವು. ಹೇಳಬಾರದಿತ್ತೇನೋ, ಬಾಗಿಲ ಹಿಂದೆ ನಿಂತಿದ್ದ ಹಿರಿಯ ಮೊಮ್ಮಗನ ಮುಖ ಕೆಳಗಾಯಿತು.

ಕಾನೂನಿನ ಮಾತನ್ನು ಮೇಷ್ಟ್ರು ಬಿಡಿಸಿ ಹೇಳಿದರು. ಹಳೆಯ ಮೈಸೂರು ಸಂಸ್ಥಾನದಲ್ಲಿ 1901ರಷ್ಟು ಹಿಂದೆಯೇ ಬೇಟೆ ಮತ್ತು ಮೀನುಗಳ ರಕ್ಷಣೆಗೆ ಒಂದು ಶಾಸನವಿದ್ದಿತು. ದಾವಣಗೆರೆ, ಹರಿಹರಗಳು ಆಗ ಚಿತ್ರದುರ್ಗ ಜಿಲ್ಲೆಗೆ ಸೇರಿ ಮೈಸೂರಿನ ಅಂಚಿನಲ್ಲಿದ್ದವು; ಹರಿಹರದಲ್ಲಿ ತುಂಗಭದ್ರೆಯನ್ನು ದಾಟಿದರೆ ಮುಂಬಯಿ ಪ್ರಾಂತದ ನೆಲ, ಬೇರೆ ಕಾಯಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ದೇಶಕ್ಕೆಲ್ಲ ಒಂದು ಕಟ್ಟಳೆಯನ್ನು ತಂದಿತು. ಮೊದಮೊದಲು ಸಣ್ಣ ಪ್ರಾಣಿಗಳ ಬೇಟೆಗೆ ಲೈಸೆನ್ಸು ಕೊಡುವ ಅವಕಾಶ ಅದರಲ್ಲಿ ಇದ್ದಿತು; 1991ರ ತಿದ್ದುಪಡಿ ಅದನ್ನು ತೆಗೆದುಹಾಕಿತು. ಅಜ್ಜನ ಬಂದೂಕಿನ ಕಾಲ ಮುಗಿದದ್ದು ಹಾಗೆ. ಆದರೆ ಜಗಲಿಯ ವಾದಕ್ಕೆ ನೇರವಾಗಿ ತಾಗುವುದು ಆ ಕಾಯಿದೆ ಬೇಟೆ ಎಂಬ ಪದಕ್ಕೆ ಕೊಟ್ಟಿರುವ ಅರ್ಥ. ಕೊಲ್ಲುವುದಷ್ಟೇ ಬೇಟೆಯಲ್ಲ, ಹಿಡಿಯುವುದು, ನಾಯಿ ಬಿಟ್ಟು ಅಟ್ಟಿಸುವುದು, ಉರುಳೊಡ್ಡುವುದು, ಬೋನಿಡುವುದು, ಸೋವುವುದು, ಆಮಿಷ ತೋರುವುದು, ಇವುಗಳಿಗೆ ಪ್ರಯತ್ನಿಸುವುದು ಕೂಡ ಬೇಟೆಯೇ. ಮೊಲ ತಪ್ಪಿಸಿಕೊಂಡು ಹೋದರೂ ಬಿಟ್ಟವನು ಬೇಟೆಗಾರನೇ. ಮೂರು ವರ್ಷದವರೆಗೆ ಸೆರೆವಾಸವನ್ನು ವಿಧಿಸಬಹುದು. ದಂಡದ ಮಿತಿಯನ್ನು 2022ರ ತಿದ್ದುಪಡಿಯಲ್ಲಿ ಇಪ್ಪತ್ತೈದು ಸಾವಿರದಿಂದ ಒಂದು ಲಕ್ಷಕ್ಕೆ ಏರಿಸಲಾಗಿದೆ. ಓಟ ನೋಡಲು ಹೋಗಿದ್ದೆವು ಎಂಬ ನಮ್ಮ ಮನೆತನಗಳ ಉತ್ತರಕ್ಕೆ ಕಾನೂನಿನಲ್ಲಿ ಜಾಗವಿಲ್ಲ.

ಇಂಗ್ಲೆಂಡಿನವರು ಇದೇ ಪ್ರಶ್ನೆಗೆ ಬೇರೆ ಉತ್ತರ ಕೊಟ್ಟುಕೊಂಡರು. ಅಲ್ಲಿ ನರಿ, ಮೊಲಗಳ ಮೇಲೆ ನಾಯಿ ಬಿಡುವುದು ದೊಡ್ಡ ಮನೆತನಗಳ ಸಂಪ್ರದಾಯವಾಗಿತ್ತು. 1836ರಿಂದ ನಡೆದುಬಂದ ವಾಟರ್‌ಲೂ ಕಪ್ ಎಂಬ ಮೊಲದೋಟದ ಪಂದ್ಯದಲ್ಲಿ ಎರಡು ನಾಯಿಗಳನ್ನು ಒಟ್ಟಿಗೆ ಬಿಟ್ಟು, ಮೊಲವನ್ನು ಯಾವುದು ಎಷ್ಟು ಸಲ ಹೊರಳಿಸಿತೆಂದು ಅಂಕ ಹಾಕುತ್ತಿದ್ದರು. 2004ರ ಕಾಯಿದೆ 2005ರ ಫೆಬ್ರವರಿಯಲ್ಲಿ ಜಾರಿಗೆ ಬಂದು ಇವೆಲ್ಲ ನಿಂತವು. ಆದರೆ ಬಂದೂಕಿನಿಂದ ಹೊಡೆಯುವುದು ಅಲ್ಲಿ ನಿಲ್ಲಲಿಲ್ಲ. ಇದನ್ನು ಹೇಳಿದಾಗ ಬಂದೂಕಿನ ಅಜ್ಜನಿಗೆ ಪರಮ ಸಂತೋಷವಾಯಿತು. ಇಂಗ್ಲಿಷಿನವರ ಪಾರ್ಲಿಮೆಂಟು ತಮ್ಮ ಪಕ್ಷವೆಂದು ಅವರು ಯಜಮಾನರ ತಮ್ಮನ ಕಡೆ ನೋಡಿ ಮೀಸೆ ತಿರುವಿದರು.

ಹಬ್ಬವನ್ನೂ ಬಿಡದೆ ಜೀವವನ್ನೂ ತೆಗೆಯದೆ ನಡೆದುಕೊಳ್ಳುವ ದಾರಿಯೊಂದು ನಮ್ಮ ಪಕ್ಕದ ಹೊಸದುರ್ಗದ ಕಡೆ ಇದೆ. ಸಂಕ್ರಾಂತಿಯ ಸಮಯದಲ್ಲಿ ಮೊಲವೊಂದನ್ನು ಹಿಡಿದು ತಂದು, ದೇವರ ಮುಂದಿಟ್ಟು ಪೂಜಿಸಿ, ಮತ್ತೆ ಕಾಡಿಗೆ ಬಿಡುವ ಆಚರಣೆ ಅದು. ಕೇಳಿದಾಗ ನಮಗೆ ಬಹಳ ಹಿಡಿಸಿತ್ತು. ಮೇಷ್ಟ್ರು ಅದಕ್ಕೂ ಒಪ್ಪಲಿಲ್ಲ. ಹಿಡಿಯುವುದೂ ಬೇಟೆಯೆಂದು ಕಾಯಿದೆ ಹೇಳುವಾಗ ಬಿಡುವುದರ ಪುಣ್ಯ ಹಿಡಿದ ತಪ್ಪನ್ನು ಅಳಿಸೀತೆ ಎಂಬುದು ಅವರ ಪ್ರಶ್ನೆ. ಜೀವವುಳಿಸಿ ಬಿಡುವ ಆ ಹಳ್ಳಿಗರನ್ನು ಕೊಲ್ಲುವವರ ಸಾಲಿಗೆ ಸೇರಿಸಲು ನಮ್ಮ ಮನಸ್ಸು ಮಾತ್ರ ಇಂದಿಗೂ ಒಪ್ಪುತ್ತಿಲ್ಲ.

ಇಷ್ಟರಲ್ಲಿ ದೀಕ್ಷೆ ಕೊಡಬೇಕಾದ ಅಯ್ಯನವರು ಬಂದರು. ಪಾದೋದಕದ ಸಿದ್ಧತೆ ನಡೆಯುತ್ತಿರುವಾಗ ಯಜಮಾನರು ಅವರಲ್ಲಿ ನಡೆದುದನ್ನು ಮುಚ್ಚಿಡದೆ ಅರಿಕೆ ಮಾಡಿಕೊಂಡರು. ಇಂತಹದಾದ ಮೇಲೆ ಈ ದಿನವೇ ದೀಕ್ಷೆ ಕೊಡಬಹುದೇ, ಮುಂದಕ್ಕೆ ಹಾಕಬೇಕೇ ಎಂಬುದು ಅವರ ಕೊರಗು. ಅದೇ ಆ ಮನೆಯ ಬಿಗಿಗೆ ಕಾರಣವೆಂಬುದು ನಮಗೆ ಆಗ ಪೂರ್ತಿ ಅರ್ಥವಾಯಿತು. ಅಯ್ಯನವರು ಯಾವ ಶಾಸ್ತ್ರವನ್ನೂ ಹೇಳಲಿಲ್ಲ. ಹುಡುಗನನ್ನು ಹತ್ತಿರ ಕರೆದು ಕೂರಿಸಿಕೊಂಡು, “ಏನು ನೋಡಿದೆಪ್ಪಾ?” ಎಂದಷ್ಟೇ ಕೇಳಿದರು.

ಹುಡುಗ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಮೊಲ ಕೂಗಲ್ಲ ಅಂದ್ಕೊಂಡಿದ್ದೆ ಬುದ್ದಿ. ಕೂಸು ಅತ್ತ ಹಂಗೆ ಕೂಗ್ತು” ಎಂದ.

ಬೇಟೆ ನೋಡಿದವರಿಗೆ ಇದು ಗೊತ್ತು. ಬದುಕಿನುದ್ದಕ್ಕೂ ಸದ್ದಿಲ್ಲದ ಆ ಪ್ರಾಣಿ ಹಲ್ಲಿಗೆ ಸಿಕ್ಕಾಗ ಎಳೆಮಗುವಿನ ದನಿಯಲ್ಲಿ ಚೀರುತ್ತದೆ. ಬಂದೂಕಿನ ಅಜ್ಜ ತಲೆಯಾಡಿಸಿದರು. ಯಜಮಾನರ ತಮ್ಮ ಎದ್ದು ನಾಯಿಯ ಬಳಿ ಹೋಗಿ ನಿಂತರು. ಅಯ್ಯನವರು ಹುಡುಗನ ತಲೆಯ ಮೇಲೆ ಕೈಯಿಟ್ಟು, “ಇವತ್ತೇ ಆಗಲಿ” ಎಂದರು. ದೀಕ್ಷೆ ಸಾಂಗವಾಗಿ ನೆರವೇರಿತು. ಪ್ರಸಾದಕ್ಕೆ ಹೋಳಿಗೆ, ಸುಟ್ಟ ಬದನೆಕಾಯಿಯ ಎಣಗಾಯಿ, ಬಿಸಿ ರೊಟ್ಟಿ ಇದ್ದವು. ಅದನ್ನೂ ಬರೆಯದಿದ್ದರೆ ಆ ಮನೆಯ ತಾಯಂದಿರಿಗೆ ಅನ್ಯಾಯ.

ಊಟವಾದ ಮೇಲೆ ಮಾತು ನಾಯಿಯ ಕಡೆಗೆ ತಿರುಗಿತು. ಬೇಟೆ ಬೇಡವೆಂದ ಮೇಲೆ ಬೇಟೆನಾಯಿ ಏನು ಮಾಡಬೇಕು? ಕೊಟ್ಟುಬಿಡೋಣವೆಂದು ಅಮ್ಮನವರು. ಯಜಮಾನರು ಒಪ್ಪಲಿಲ್ಲ. ಅವರು ನಾಯಿಯ ಎಡ ತೊಡೆಯ ಮೇಲಿನ ಗೇಣುದ್ದದ ಗಾಯದ ಕಲೆಯನ್ನು ನಮಗೆ ತೋರಿಸಿದರು. ಎರಡು ವರ್ಷದ ಹಿಂದೆ ಮುಂಗಾರಿನಲ್ಲಿ ಮೆಕ್ಕೆಜೋಳ ಹಾಲುಗಾಳಾದಾಗ ಹಂದಿಗಳು ಹೊಲಕ್ಕೆ ನುಗ್ಗಿದ ರಾತ್ರಿ ಆದ ಗಾಯ ಅದು. ಬೇಟೆಯ ವಿಚಾರದಲ್ಲಿ ಪಟ್ಟಣದಲ್ಲಿ ಕುಳಿತು ತೀರ್ಪು ಕೊಡುವವರು ಹಂದಿಯ ಕಾಟವನ್ನು ನೋಡಿರುವುದಿಲ್ಲ. ಒಂದೇ ರಾತ್ರಿಯಲ್ಲಿ ಅವು ತಿನ್ನುವುದಕ್ಕಿಂತ ಹೆಚ್ಚು ಮುರಿದು ಹಾಕುತ್ತವೆ. ಪರಿಹಾರಕ್ಕೆ ಅರ್ಜಿ, ಪಹಣಿ, ಫೋಟೋ ಎಂದು ಅಲೆದು ಬರುವ ಹಣ ಬೀಜ ಗೊಬ್ಬರಕ್ಕೆ ಸಾಲದು. ಕೆಲವರು ಸಿಡಿಮದ್ದು ಇಡುತ್ತಾರೆ. ಅದನ್ನು ಕಚ್ಚಿ ದವಡೆ ಹಾರಿಹೋದ ದನಗಳೂ ಉಂಟು. ಅದಕ್ಕೆ ಹೋಲಿಸಿದರೆ ಬದುವಿನ ಮೇಲೆ ನಿಂತು ಬೊಗಳಿ ಹಂದಿಯನ್ನು ಹೊರಗಟ್ಟುವ ನಾಯಿ ಯಾರಿಗೆ ಏನು ಅನ್ಯಾಯ ಮಾಡಿತು ಎಂದು ಯಜಮಾನರು ಕೇಳಿದಾಗ ನಮ್ಮ ಬಳಿ ಉತ್ತರವಿರಲಿಲ್ಲ. ಬೆಳೆ ಕಾಯುವುದಕ್ಕೂ ಅಟ್ಟಿಸಿಕೊಂಡು ಹೋಗುವುದಕ್ಕೂ ಇರುವ ಗೆರೆ ಹೊಲದ ಬದುವೇ ಇರಬಹುದು. ಬದುವಿನ ಒಳಗೆ ಅದು ಕಾವಲು, ಹೊರಗೆ ಬೇಟೆ. ನಾಯಿಗೆ ಆ ಗೆರೆ ತಿಳಿಯದು. ಸರಪಳಿ ಹಿಡಿದವನಿಗೆ ತಿಳಿದಿರಬೇಕು.

ಅಂದಹಾಗೆ, ನಮ್ಮ ಜಿಲ್ಲೆಯಲ್ಲಿಯೇ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ 2011ರಲ್ಲಿ ಸುಮಾರು 77 ಚದರ ಕಿಲೋಮೀಟರ್ ಕುರುಚಲು ಕಾಡನ್ನು ಕೊಂಡುಕುರಿಗಾಗಿ ವನ್ಯಧಾಮವೆಂದು ಘೋಷಿಸಿದ್ದಾರೆ. ನಾಲ್ಕು ಕೋಡುಗಳಿರುವ, ಬಹಳ ಅಂಜುಬುರುಕ ಪ್ರಾಣಿ ಅದು. ಹರಿಹರದ ಹೊಳೆಯಾಚೆ ರಾಣೆಬೆನ್ನೂರಿನಲ್ಲಿ 1974ರಿಂದ ಕೃಷ್ಣಮೃಗಗಳ ಧಾಮವಿದೆ. ಮಕ್ಕಳನ್ನು ಹಬ್ಬದ ರಜೆಯಲ್ಲಿ ಕರೆದೊಯ್ಯುವ ಮನಸ್ಸಿರುವವರಿಗೆ ಎರಡೂ ಒಂದೊಂದು ದಿನದ ದಾರಿ. ಹಿರಿಯ ಮೊಮ್ಮಗನಿಗೆ ಇದನ್ನು ಹೇಳಿದೆವು. ಮುಂದಿನ ಕರಿಯ ದಿನ ಗೆಳೆಯರನ್ನು ಕರೆದುಕೊಂಡು ಹೋಗುತ್ತೇನೆ ಎಂದ. ಅಜ್ಜನ ಮುಂದೆ ಹೇಳಿದ ಮಾತು, ಎಷ್ಟರ ಮಟ್ಟಿಗೆ ನಡೆಯುವುದೋ ನೋಡಬೇಕು.

ಸಂಜೆ ಬಸ್ಸಿಗೆ ಹೊರಟಾಗ ಅವನೇ ನಾಯಿಯನ್ನು ಹಿಡಿದುಕೊಂಡು ನಮ್ಮ ಜೊತೆ ರಸ್ತೆಯವರೆಗೆ ಬಂದ. ಹಿಂದೆ ಕಿರಿಯವನು, ಕೊರಳಲ್ಲಿ ಹೊಸ ಶಿವದಾರ, ಹಣೆಯಲ್ಲಿ ಇನ್ನೂ ಆರದ ವಿಭೂತಿ. ಬಿಸಿಲು ಇಳಿದು ಬರಿಯ ಹೊಲಗಳ ಮೇಲೆ ಕೆಂಪು ಬೆಳಕು ಬಿದ್ದಿತ್ತು. ನಡೆಯುತ್ತಿದ್ದ ನಾಯಿ ಒಮ್ಮೆಲೇ ನಿಂತಿತು. ಕಿವಿಗಳು ನೆಟ್ಟಗಾದವು, ಮುಂಗಾಲೊಂದು ಎತ್ತಿದಂತೆಯೇ ಉಳಿಯಿತು. ನಾವು ಎಷ್ಟು ನೋಡಿದರೂ ಮೊದಲು ಏನೂ ಕಾಣಲಿಲ್ಲ. ಕಿರಿಯವನು ಬೆರಳು ತೋರಿಸಿದ ಮೇಲೆ ಕಂಡಿತು: ಎರಡು ಹೊಲದಾಚೆ, ಉಳಿದಿದ್ದ ಒಂದು ಕಾರೆ ಪೊದೆಯ ಮಗ್ಗುಲಲ್ಲಿ, ಮಣ್ಣಿನ ಹೆಂಟೆಯಂತಹ ಒಂದು ಆಕಾರ, ಅದಕ್ಕೆ ಎರಡು ಕಿವಿ.

ನಾಯಿಯ ಮೈಯೆಲ್ಲ ನಡುಗುತ್ತಿತ್ತು. ಹಿರಿಯವನು ಸರಪಳಿಯನ್ನು ಮುಂಗೈಗೆ ಎರಡು ಸುತ್ತು ಸುತ್ತಿಕೊಂಡು, ಕುಕ್ಕರುಗಾಲಿನಲ್ಲಿ ಕುಳಿತು, ಅದರ ಎದೆಯ ಮೇಲೆ ಕೈಯಿಟ್ಟ. ಬಸ್ಸಿನ ಹಾರನ್ ಕೇಳಿಸಿತು. ಮೊಲ ಪೊದೆಯೊಳಕ್ಕೆ ಸರಿಯಿತು. ನಾವು ಬಸ್ಸು ಹತ್ತಿ ಹಿಂದಿರುಗಿ ನೋಡಿದಾಗ ಮೂವರೂ ಹಾಗೆಯೇ ಅಲ್ಲಿಯೇ ಇದ್ದರು.